ಒಂದೂವರೆ ಜಿಬಿಯೊಳಗೆ ಐದು ಪೀರಿಯಡ್

ಮೊದಲು ಒಂದು ಸಣ್ಣ ಲೆಕ್ಕ. ಕೊರೊನಾ ಕಾಲದಲ್ಲಿ ನಮ್ಮ ಬಿಎಸ್ಸಿ ಹುಡುಗರಲ್ಲಿ ಹೆಚ್ಚಿನವರ ಹತ್ತಿರ ಇದ್ದದ್ದು ದಿನಕ್ಕೆ ಒಂದೂವರೆ ಜಿಬಿಯ ಪ್ರೀಪೇಯ್ಡ್ ಪ್ಯಾಕ್. ಒಂದು ಗಂಟೆ ವಿಡಿಯೋ ಪಾಠಕ್ಕೆ ಸುಮಾರು ಅರ್ಧ ಜಿಬಿ ಹೋಗುತ್ತದೆ. ಟೈಮ್‌ಟೇಬಲ್‌ನಲ್ಲಿ ಐದು ಪೀರಿಯಡ್. ಮೂರನೇ ಪೀರಿಯಡ್ ಮುಗಿಯುವಾಗ ಡೇಟಾ ಖಾಲಿ. ಅದೇ ಫೋನಿನಲ್ಲಿ ತಮ್ಮನ ಹೈಸ್ಕೂಲ್ ಕ್ಲಾಸೂ ನಡೆಯುತ್ತಿದ್ದರೆ ಇನ್ನೂ ಬೇಗ.

ಈ ಲೆಕ್ಕ ಹಾಕದೆಯೇ ಎಷ್ಟೋ ಕಾಲೇಜುಗಳು ಹಳೆಯ ಟೈಮ್‌ಟೇಬಲ್ಲನ್ನೇ ಎತ್ತಿ ಗೂಗಲ್ ಮೀಟ್‌ಗೆ ಹಾಕಿದವು. ಮೇಷ್ಟ್ರುಗಳಿಗೆ ವೆಬಿನಾರ್‌ಗಳ ಸುಗ್ಗಿ. ದಿನಕ್ಕೆರಡು ಇ-ಸರ್ಟಿಫಿಕೇಟ್ ಬರುತ್ತಿದ್ದವು, ಅದರಲ್ಲಿ ಪಾಠಕ್ಕೆ ಉಪಯೋಗ ಆದದ್ದು ಕಡಿಮೆ. ಡಿಗ್ರಿ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರಾಗಿ ನಾನು ಕಂಡಂತೆ, ಆ ಕಾಲಕ್ಕೆ ಚೆನ್ನಾಗಿ ಹೊಂದಿಕೊಂಡವರು ಹೊಸ ಸಾಮಾನು ಕೊಂಡವರಲ್ಲ. ಪಾಠವನ್ನು ಕತ್ತರಿಸಿ ಸಣ್ಣದು ಮಾಡಿದವರು.

ಕತ್ತರಿಸುವುದು ಹೀಗೆ. ಹತ್ತು ನಿಮಿಷದ ವಾಟ್ಸಾಪ್ ವಾಯ್ಸ್ ನೋಟ್‌ಗೆ ಹೆಚ್ಚೆಂದರೆ ಎರಡು ಮೂರು ಎಂಬಿ ಸಾಕು. ಜೊತೆಗೆ ಕೈಯಲ್ಲಿ ಬರೆದ ಎರಡು ಹಾಳೆಯ ಫೋಟೋ. ಮಲೆನಾಡಿನ ಮಳೆಯಲ್ಲಿ ಕರೆಂಟ್ ಹೋಗಿ, ಟವರ್ ಸತ್ತು, ಹುಡುಗ ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರೂ ಐದು ನಿಮಿಷದಲ್ಲಿ ಡೌನ್‌ಲೋಡ್ ಮಾಡಿಕೊಂಡು ಇಳಿಯಬಹುದು. ಲೈವ್ ಕ್ಲಾಸ್ ಬರೀ ಡೌಟ್ ಕೇಳುವುದಕ್ಕೆ, ಅದೂ ರಾತ್ರಿ ಊಟದ ಹೊತ್ತಿಗೆ. ಹಗಲು ಫೋನ್ ಅಪ್ಪನ ಜೇಬಿನಲ್ಲಿರುತ್ತದೆ, ಅಲ್ವಾ?

ಇನ್ನು ಬೋರ್ಡು. ಪಿಪಿಟಿ ಇದ್ದ ಮೇಲೆ ಬೋರ್ಡು ಯಾಕೆ ಅಂದವರಿದ್ದರು. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಬಾಗಿದ ಬಾಣ ಎಳೆದು ತೋರಿಸುತ್ತೇವೆ. ಬಾಣ ಎಳೆಯಲು ಹಿಡಿಯುವ ಹೊತ್ತಿನಲ್ಲೇ ಹುಡುಗರ ತಲೆಯಲ್ಲಿ ಅದು ಕೂರುವುದು. ಸ್ಲೈಡಿನಲ್ಲಿ ಎಲ್ಲಾ ಬಾಣಗಳೂ ಒಂದೇ ಸಲ ಬಂದು ಕೂತುಬಿಡುತ್ತವೆ. ಆಗ ಅವರು ನೋಡುತ್ತಾರೆ, ಅಷ್ಟೆ. 2020ರ ಜೂನ್‌ನಲ್ಲಿ ಪುಣೆಯ ಕೆಮಿಸ್ಟ್ರಿ ಟೀಚರೊಬ್ಬರು ಬಟ್ಟೆ ಹ್ಯಾಂಗರ್‌ಗೆ ಫೋನ್ ಕಟ್ಟಿ ನೇತುಹಾಕಿ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದು ವೈರಲ್ ಆಗಿತ್ತು. ಎಷ್ಟೋ ಮನೆಗಳಲ್ಲಿ ಆ ಕೆಲಸವನ್ನು ಎರಡು ಸ್ಟೀಲ್ ಡಬ್ಬ ಮಾಡಿದವು. ಡಬ್ಬಗಳ ಮೇಲೊಂದು ಸ್ಕೇಲು, ಅದರ ಮೇಲೆ ಕೆಳಮುಖವಾಗಿ ಫೋನ್, ಕೆಳಗೆ ಹಾಳೆ. ಬಾಲ್‌ಪೆನ್ ಬೇಡ, ಸಣ್ಣ ಸ್ಕ್ರೀನಿನಲ್ಲಿ ಕಾಣುವುದಿಲ್ಲ; ಸ್ಕೆಚ್‌ಪೆನ್ ಹಿಡಿಯಬೇಕು. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡಗಡೆಯಿಂದ ಬರಬೇಕು, ಇಲ್ಲದಿದ್ದರೆ ಕೈಯ ನೆರಳು ಅಕ್ಷರದ ಮೇಲೇ ಬೀಳುತ್ತದೆ. ಕ್ಯಾಮೆರಾದ ಫೋಕಸ್ ಲಾಕ್ ಮಾಡಲು ಬಂದರೆ ಮಾಡಿ. ಕೈ ಆಡಿದಾಗಲೆಲ್ಲ ಮಸುಕಾಗುವುದು ತಪ್ಪುತ್ತದೆ.

ಎಲ್ಲಕ್ಕಿಂತ ಕಷ್ಟ ಆದದ್ದು ಮೌನ. ಕ್ಲಾಸಿನಲ್ಲಿ "ಅರ್ಥ ಆಯ್ತಾ?" ಎಂದರೆ ಯಾರೂ ಇಲ್ಲ ಅನ್ನುವುದಿಲ್ಲ, ಆದರೆ ಮುಖ ಹೇಳುತ್ತದೆ. ಆನ್‌ಲೈನ್‌ನಲ್ಲಿ ಮುಖ ಇಲ್ಲ. ಮೊದಲ ಬೆಂಚಿನವನೊಬ್ಬ "ಎಸ್ ಸರ್" ಅಂತ ಚಾಟ್‌ನಲ್ಲಿ ಹಾಕುತ್ತಾನೆ, ಉಳಿದವರು ಇದ್ದಾರೋ, ಫೋನ್ ಇಟ್ಟು ತೋಟಕ್ಕೆ ಹೋದರೋ ಗೊತ್ತಾಗುವುದಿಲ್ಲ. ಅದಕ್ಕೆ ಒಂದೇ ಸಂಖ್ಯೆಯ ಉತ್ತರ ಬರುವ ಪ್ರಶ್ನೆ ಕೇಳುತ್ತಿದ್ದೆ. 0.01 ಮೋಲಾರ್ ಹೈಡ್ರೋಕ್ಲೋರಿಕ್ ಆ್ಯಸಿಡ್‌ನ ಪಿಎಚ್ (ಆಮ್ಲತೆಯ ಅಳತೆ) ಎಷ್ಟು? ಎಲ್ಲರೂ ಟೈಪ್ ಮಾಡಿ, ನಾನು ಹೇಳುವ ತನಕ ಸೆಂಡ್ ಒತ್ತಬೇಡಿ. ಒಟ್ಟಿಗೆ ಉತ್ತರಗಳು ಬಿದ್ದಾಗ ಕ್ಲಾಸಿನ ಮುಖ ಕಾಣುತ್ತದೆ. 2 ಸರಿ. -2 ಅಂದವರು ಲಾಗರಿದಮ್ ಸೂತ್ರದ ಮುಂದಿನ ಮೈನಸ್ ಚಿಹ್ನೆ ಮರೆತಿದ್ದಾರೆ. 12 ಅಂದವರು ಹದಿನಾಲ್ಕರಿಂದ ಕಳೆದು ಪಿಒಎಚ್, ಅಂದರೆ ಕ್ಷಾರದ ಕಡೆಯ ಅಳತೆ, ಬರೆದಿದ್ದಾರೆ. 0.01 ಅಂತಲೇ ಹಾಕಿದವರಿಗೆ ಲಾಗರಿದಮ್ಮಿನಿಂದ ಶುರು ಮಾಡಬೇಕು. ನಾಚಿಕೆಯಿಂದ ಯಾವತ್ತೂ ಬಾಯಿ ಬಿಡದ ಹುಡುಗಿಯರೂ ಇಲ್ಲಿ ಉತ್ತರ ಹಾಕುತ್ತಿದ್ದರು. ಇದನ್ನು ಈಗಲೂ ಬಿಟ್ಟಿಲ್ಲ, ಕ್ಲಾಸಿನಲ್ಲಿ ಚೀಟಿಯ ಮೇಲೆ ಬರೆಸುತ್ತೇನೆ.

ಲ್ಯಾಬ್ ಮಾತ್ರ ಯಾವ ಉಪಾಯಕ್ಕೂ ಬಗ್ಗಲಿಲ್ಲ. ಎರಡನೇ ಅಲೆಯ ನಂತರ 2021ರ ಜುಲೈ 26ಕ್ಕೆ, ಒಂದು ಡೋಸ್ ಲಸಿಕೆಯಾದರೂ ಹಾಕಿಸಿಕೊಂಡವರಿಗೆ ಕಾಲೇಜು ತೆರೆಯಿತು. ಟೈಟ್ರೇಷನ್ (ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ಪ್ರಯೋಗ) ವಿಡಿಯೋಗಳನ್ನು ಚೆನ್ನಾಗಿಯೇ ನೋಡಿದ್ದ ಹುಡುಗರು. ಸೂತ್ರ ಬಾಯಿಪಾಠ. ಬ್ಯೂರೆಟ್, ಅಂದರೆ ಕೆಳಗೆ ನಲ್ಲಿ ಇರುವ ಅಳತೆಯ ಗಾಜಿನ ಕೊಳವೆ, ಹಿಡಿಯಲು ಹೇಳಿದರೆ ಎಲ್ಲರೂ ಬಲಗೈ ಚಾಚಿದರು. ನಲ್ಲಿ ತಿರುಗಿಸುವುದು ಎಡಗೈ. ಬಲಗೈ ಫ್ಲಾಸ್ಕ್ ಅಲ್ಲಾಡಿಸಬೇಕು. ಬಣ್ಣ ಬದಲಿಸಿ ಮುಗಿಯಿತೆಂದು ತೋರಿಸುವ ಫಿನಾಲ್ಫ್ತಲೀನ್ ತೆಳು ಗುಲಾಬಿ ಬರುವ ಹೊತ್ತಿಗೆ ಅರ್ಧ ಹನಿ ಬಿಡಬೇಕು, ಅವರು ಒಂದು ಎಂಎಲ್ ಬಿಟ್ಟರು. ಫ್ಲಾಸ್ಕ್ ಕಡು ಗುಲಾಬಿ. ಅರ್ಧ ಹನಿ ಬೆರಳು ಕಲಿಯುವ ವಿದ್ಯೆ. 2021ರ ಮೇ ತಿಂಗಳಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಒಂದು ಕರಡು ಹೊರಡಿಸಿ, ಕೋರ್ಸಿನ ಶೇ 40ರವರೆಗೆ ಆನ್‌ಲೈನ್‌ನಲ್ಲಿ ಕಲಿಸಬಹುದು ಎಂದಿತು. ಥಿಯರಿಗಾದರೆ ನನ್ನ ತಕರಾರಿಲ್ಲ. ಪ್ರಾಕ್ಟಿಕಲ್‌ಗೆ ಶೇ 4 ಕೂಡ ಜಾಸ್ತಿ.

ಅಸೈನ್‌ಮೆಂಟ್‌ಗಳ ವಿಷಯ ಹೆಚ್ಚು ಹೇಳುವುದು ಬೇಡ. ಒಬ್ಬನ ಕಾಗುಣಿತದ ತಪ್ಪು ಹತ್ತು ಜನರ ಹಾಳೆಯಲ್ಲಿ ಹಾಗೇ ಬರುತ್ತಿತ್ತು. ಫೋನ್ ಮಾಡಿ ಮೂರು ನಿಮಿಷ ವೈವಾ ಕೇಳಿದರೆ ಯಾರು ಓದಿದ್ದಾರೆ ಅಂತ ತಿಳಿಯುತ್ತಿತ್ತು. ಕ್ಲಾಸ್ ದೊಡ್ಡದಿದ್ದರೆ ಅದೂ ಆಗದ ಮಾತು.

ಇಷ್ಟೆಲ್ಲ ಮಾಡಿದವರಲ್ಲಿ ದೊಡ್ಡ ಪಾಲು ಅತಿಥಿ ಉಪನ್ಯಾಸಕರದ್ದು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಆಗ ಅವರಿಗೆ ಸಿಗುತ್ತಿದ್ದದ್ದು ತಿಂಗಳಿಗೆ 11ರಿಂದ 13 ಸಾವಿರ ರೂಪಾಯಿ. ಫೋನ್ ಅವರದ್ದೇ, ರೀಚಾರ್ಜೂ ಅವರದ್ದೇ. ಸಂಬಳ ಏರಿದ್ದು 2022ರ ಜನವರಿಯಲ್ಲಿ, ಅದೂ ಧರಣಿ ಕೂತ ಮೇಲೆ. ಆನ್‌ಲೈನ್ ಪಾಠದಿಂದ ಖರ್ಚು ಉಳಿಯಿತು ಎಂದು ಯಾರಾದರೂ ಲೆಕ್ಕ ಕೊಟ್ಟರೆ, ಆ ರೀಚಾರ್ಜ್ ಯಾರ ಜೇಬಿನಿಂದ ಹೋಯಿತು ಅಂತ ಕೇಳಿ.