ಹಾಡು ಕೇಳಿಸುತ್ತದೆ, ಅಜ್ಜಿ ಕಾಣಿಸುವುದಿಲ್ಲ

ಮನೆಯ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಸಿ ಎರಡು ದಿನ ಆಗಿತ್ತು. ಅಮ್ಮ ಒಳಗಿಂದ ಕೂಗಿದರು. “ಚಿಕ್ಕಮ್ಮನ ಮದುವೆ ವಿಡಿಯೊಗೆ ಏನೋ ಆಗಿದೆ, ಬಂದು ನೋಡೋ.”

ಹೋಗಿ ನೋಡಿದೆ. ಪರದೆ ಮೇಲೆ ಬರೀ ಕಪ್ಪು ಚೌಕ. ಆದರೆ ಅದರೊಳಗಿಂದ ಅಜ್ಜಿಯ ದನಿ ಸ್ಪಷ್ಟವಾಗಿ ಬರುತ್ತಿತ್ತು. ಹಸೆಗೆ ಕರೆಯುವ ಹಾಡು. ಜೊತೆಗೆ ಇನ್ನೊಂದು ಹೆಂಗಸಿನ ದನಿ, ಸ್ವಲ್ಪ ಕೆಳಗಿನ ಶ್ರುತಿಯಲ್ಲಿ. ಅದು ದೊಡ್ಡಮ್ಮನದು ಅಂದರು ಅಮ್ಮ. ಫೋನಿನಲ್ಲಿ ಕೇಳಿಸಿಕೊಂಡ ಚಿಕ್ಕಮ್ಮ ಒಪ್ಪಲಿಲ್ಲ. “ಅಕ್ಕ ಯಾವತ್ತು ಹಾಡಿದಾಳೆ? ಅದು ಬೇರೆ ಯಾರೋ.” ಅಜ್ಜಿ ಈಗಿಲ್ಲ. ದೊಡ್ಡಮ್ಮನೂ ಇಲ್ಲ. ಕೇಳೋಣ ಅಂದರೆ ಉಳಿದಿರುವುದು ಆ ಫೈಲ್ ಒಂದೇ.

ಮದುವೆ ನಡೆದದ್ದು 1999ರಲ್ಲಿ, ತೀರ್ಥಹಳ್ಳಿ ಹತ್ತಿರದ ಅಜ್ಜಿಮನೆಯಲ್ಲಿ. ಆಗ ಕ್ಯಾಸೆಟ್‌ನಲ್ಲಿ ತೆಗೆದಿದ್ದನ್ನು ಎರಡು ವರ್ಷದ ನಂತರ ಸ್ಟುಡಿಯೊದವರು ಸಿಡಿಗೆ ಹಾಕಿಕೊಟ್ಟಿದ್ದರು. ಅಲ್ಲಿಂದ ಈಚೆಗೆ ಆ ಎವಿಐ ಫೈಲ್ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ದಾಟಿಕೊಂಡು ಬಂದಿತ್ತು. ಒಮ್ಮೆಯೂ ತೊಂದರೆ ಕೊಟ್ಟಿರಲಿಲ್ಲ.

ಫೈಲ್ ಕೆಟ್ಟುಹೋಯಿತು ಅಂತ ಅಮ್ಮ ಅಂದುಕೊಂಡರು. ಯಾರಿಗಾದರೂ ಹಾಗೇ ಅನಿಸುತ್ತದೆ. ನಿಜ ಏನೆಂದರೆ ಫೈಲಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಅದನ್ನು ಓದಲು ಬರುತ್ತಿದ್ದ ಒಂದು ಪುಟ್ಟ ಪ್ರೋಗ್ರಾಂ ಹಳೆಯ ಸಿಸ್ಟಂ ಜೊತೆಗೇ ಹೊರಟುಹೋಗಿತ್ತು.

ಎವಿಐ, ಎಂಪಿ4, ಎಂಒವಿ ಇವೆಲ್ಲ ಬರೀ ಡಬ್ಬಿಗಳು. ಡಬ್ಬಿಯೊಳಗೆ ಚಿತ್ರ ಒಂದು ಕಡೆ, ದನಿ ಒಂದು ಕಡೆ ಇರುತ್ತದೆ. ಸಾಮಾನ್ಯವಾಗಿ ಎರಡನ್ನೂ ಬೇರೆ ಬೇರೆ ಕ್ರಮದಲ್ಲಿ ಒತ್ತಿ ಸಣ್ಣದು ಮಾಡಿರುತ್ತಾರೆ. ಹಾಗೆ ಒತ್ತುವ, ಮತ್ತೆ ಬಿಡಿಸುವ ಕ್ರಮಕ್ಕೆ ಕೋಡೆಕ್ ಅನ್ನುತ್ತಾರೆ. ನಮ್ಮ ಫೈಲಿನಲ್ಲಿ ದನಿಯನ್ನು ಒತ್ತದೆ, ಪಿಸಿಎಂ ಎಂಬ ಸರಳ ಕ್ರಮದಲ್ಲಿ ಇಟ್ಟಿದ್ದರು. ಅದನ್ನು ಓದಲಾರದ ಕಂಪ್ಯೂಟರ್ ಇಲ್ಲ. ಹಾಗಾಗಿ ಅಜ್ಜಿ ಹಾಡಿದರು. ಚಿತ್ರದ ಕೋಡೆಕ್ ಬೇರೆ, ಅದು ಹೊಸ ಸಿಸ್ಟಂಗೆ ಗೊತ್ತಿಲ್ಲ. ಹಾಗಾಗಿ ಅಜ್ಜಿ ಕಾಣಲಿಲ್ಲ. ಫೈಲಿನ ಹೆಸರಿನ ಕೊನೆಯನ್ನು ಎವಿಐ ಬದಲು ಎಂಪಿ4 ಅಂತ ತಿದ್ದಿ ನೋಡುವವರು ತುಂಬ ಜನ. ಡಬ್ಬಿಯ ಚೀಟಿ ಬದಲಾಯಿಸಿದರೆ ಒಳಗಿನ ಅಕ್ಕಿ ರಾಗಿ ಆಗುವುದಿಲ್ಲ ಅಲ್ವಾ?

ಒಳಗೆ ಏನಿದೆ ಎಂದು ಪತ್ತೆ ಮಾಡುವುದು ಕಷ್ಟವಿಲ್ಲ. ಎವಿಐ ಫೈಲಿನ ಮೊದಲ ಕೆಲವು ಸಾಲುಗಳನ್ನು ಹಾಗೇ ಅಕ್ಷರ ರೂಪದಲ್ಲಿ ತೆರೆದು ನೋಡಿದೆ. ಅರ್ಥವಾಗದ ಚಿಹ್ನೆಗಳ ರಾಶಿ. ಅದರ ನಡುವೆ ನಾಲ್ಕು ಇಂಗ್ಲಿಷ್ ಅಕ್ಷರ ಎದ್ದು ಕಂಡವು: ಸಿ, ವಿ, ಐ, ಡಿ. ಅದು ಸಿನೆಪ್ಯಾಕ್ ಎಂಬ ಕೋಡೆಕ್‌ನ ಗುರುತು. 1990ರ ದಶಕದ ಶುರುವಿನಲ್ಲಿ ಬಂದದ್ದು. ಆ ಕಾಲದ ಸಿಡಿ ಗೇಮ್‌ಗಳಲ್ಲಿ, ವಿಶ್ವಕೋಶದ ಸಿಡಿಗಳಲ್ಲಿ ಕಾಣುತ್ತಿದ್ದ ಪುಟ್ಟ ವಿಡಿಯೊಗಳಲ್ಲಿ ಎಷ್ಟೋ ಇದರಲ್ಲೇ ಇದ್ದವು.

ಇಷ್ಟೆಲ್ಲ ಒತ್ತುವುದು ಯಾಕೆ? ಲೆಕ್ಕ ಹಾಕಿ ನೋಡಿ. ನಮ್ಮ ಮದುವೆ ವಿಡಿಯೊ 320 ಚುಕ್ಕಿ ಅಗಲ, 240 ಚುಕ್ಕಿ ಎತ್ತರ. ಒಟ್ಟು 76,800 ಚುಕ್ಕಿ. ಒಂದು ಚುಕ್ಕಿಗೆ 3 ಬೈಟ್ ಅಂದರೆ ಒಂದು ಚಿತ್ರಕ್ಕೆ 2,30,400 ಬೈಟ್. ಸೆಕೆಂಡಿಗೆ 15 ಚಿತ್ರ ಹಿಡಿದರೆ ಸುಮಾರು 35 ಲಕ್ಷ ಬೈಟ್. ಮೊದಲ ಕಾಲದ ಸಿಡಿ ಡ್ರೈವ್ ಸೆಕೆಂಡಿಗೆ ಓದಿಕೊಡುತ್ತಿದ್ದದ್ದು ಒಂದೂವರೆ ಲಕ್ಷ ಬೈಟ್. ಒತ್ತದೆ ಇಟ್ಟರೆ ಒಂದು ಗಂಟೆ ಮದುವೆಗೆ ಹತ್ತೊಂಬತ್ತು ಸಿಡಿ ಬೇಕಾಗುತ್ತಿತ್ತು.

ಸಿನೆಪ್ಯಾಕ್ ಈ ಕೆಲಸ ಮಾಡುತ್ತಿದ್ದ ರೀತಿ ನನಗೆ ಬಹಳ ಇಷ್ಟ. ಹಳೆಯ ಅಚ್ಚುಕೂಟ ನೆನಪಿಸಿಕೊಳ್ಳಿ. ಮರದ ಪೆಟ್ಟಿಗೆಯಲ್ಲಿ ಅಚ್ಚುಮೊಳೆಗಳು ಇರುತ್ತಿದ್ದವು. ಅದೇ ಮೊಳೆಗಳನ್ನು ಮತ್ತೆ ಮತ್ತೆ ಜೋಡಿಸಿ ಪುಟ ಕಟ್ಟುತ್ತಿದ್ದರು. ಸಿನೆಪ್ಯಾಕ್ ಕೂಡ ಚಿತ್ರವನ್ನು ನೋಡಿ, ಎರಡು ಚುಕ್ಕಿ ಅಗಲ ಎರಡು ಚುಕ್ಕಿ ಎತ್ತರದ ತುಣುಕುಗಳ ಪೆಟ್ಟಿಗೆಗಳನ್ನು ಮಾಡಿಕೊಳ್ಳುತ್ತದೆ. ಒಂದೊಂದು ಪೆಟ್ಟಿಗೆಯಲ್ಲಿ ಹೆಚ್ಚೆಂದರೆ 256 ತುಣುಕು. ಆಮೇಲೆ ‘ಇಲ್ಲಿ 17ನೆಯದು ಇಡು, ಅಲ್ಲಿ 203ನೆಯದು ಇಡು’ ಅಂತ ಬರೀ ಸಂಖ್ಯೆ ಬರೆದಿಡುತ್ತದೆ. ಪೆಟ್ಟಿಗೆ ಮಾಡಿಕೊಳ್ಳುವುದಕ್ಕೆ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಬಿಡಿಸುವುದು ಮಾತ್ರ ಸುಲಭ. ಸಂಖ್ಯೆ ನೋಡು, ತುಣುಕು ಅಂಟಿಸು, ಅಷ್ಟೆ. ಅಂದಿನ ದುರ್ಬಲ ಕಂಪ್ಯೂಟರುಗಳಿಗೆ ಇದೇ ಬೇಕಿತ್ತು. ಅಜ್ಜಿಯ ಸೀರೆಯ ಅಂಚು ಆ ವಿಡಿಯೊದಲ್ಲಿ ಸಣ್ಣ ಇಟ್ಟಿಗೆ ಜೋಡಿಸಿದ ಹಾಗೆ ಕಾಣುವುದು ಇದಕ್ಕೇ.

ಆಮೇಲೆ ಬಂದ ಕೋಡೆಕ್‌ಗಳು ಬಹುಪಾಲು ಬೇರೆ ದಾರಿ ಹಿಡಿದವು. ಆ ದಾರಿಯ ಮೂಲದಲ್ಲಿ ಒಬ್ಬ ಬೆಂಗಳೂರಿನವರಿದ್ದಾರೆ. ನಾಸಿರ್ ಅಹ್ಮದ್ ಅಂತ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಈಗ ಯುವಿಸಿಇ ಅನ್ನುವ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, ಅಮೆರಿಕಕ್ಕೆ ಹೋದವರು. ಚಿತ್ರದ ತುಣುಕನ್ನು ಅಲೆಗಳ ಮೊತ್ತವಾಗಿ ಬರೆದು, ಕಣ್ಣಿಗೆ ಗೊತ್ತಾಗದ ಸಣ್ಣ ಅಲೆಗಳನ್ನು ಬಿಟ್ಟುಬಿಡಲು ದಾರಿ ಮಾಡಿಕೊಟ್ಟ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಅವರ ಯೋಚನೆ. 1972ರಲ್ಲಿ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಹಣ ಕೇಳಿದಾಗ ಸಿಗಲಿಲ್ಲ. ಅವರು ಬಿಡಲಿಲ್ಲ. 1974ರಲ್ಲಿ ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ ಪ್ರಬಂಧ ಪ್ರಕಟಿಸಿದರು. ಜೆಪಿಇಜಿ ಫೋಟೊ, ವಿಸಿಡಿ, ಡಿವಿಡಿ ಎಲ್ಲದರ ಒಳಗೂ ಅದೇ ಲೆಕ್ಕ ಕೂತಿದೆ. ಇವತ್ತಿನ ಫೋನ್ ವಿಡಿಯೊಗಳಲ್ಲೂ ಅದರದೇ ಕುಡಿಗಳಿವೆ. ನಮ್ಮ ಶಾಲಾ ಪುಸ್ತಕಗಳಲ್ಲಿ ಈ ಹೆಸರು ಇರಬೇಕಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ.

ಸಿನೆಪ್ಯಾಕ್‌ನಂಥ ಒಂಟಿ ಕೋಡೆಕ್‌ಗಳಿಗೆ ಅಷ್ಟು ದೊಡ್ಡ ಸಂಸಾರ ಇಲ್ಲ. ಬಳಸುವವರು ಕಡಿಮೆಯಾದಂತೆ ನೋಡಿಕೊಳ್ಳುವವರೂ ಇಲ್ಲವಾಗುತ್ತಾರೆ. 2019ರ ಅಕ್ಟೋಬರಿನಲ್ಲಿ ಬಂದ ಆಪಲ್ ಕಂಪ್ಯೂಟರುಗಳ ಆಪರೇಟಿಂಗ್ ಸಿಸ್ಟಂ ಮ್ಯಾಕ್‌ಒಎಸ್ ಕ್ಯಾಟಲಿನಾ, 32 ಬಿಟ್‌ನ ಹಳೆಯ ಮಾದರಿ ಪ್ರೋಗ್ರಾಂಗಳನ್ನು ಪೂರ್ತಿ ಕೈಬಿಟ್ಟಿತು. ವಿಡಿಯೊ ಓಡಿಸುವ ಕ್ವಿಕ್‌ಟೈಮ್ 7 ಅವುಗಳ ಜೊತೆ ಹೋಯಿತು. ಸಿನೆಪ್ಯಾಕ್, ಸೊರೆನ್‌ಸನ್, ಇಂಡಿಯೊ ಮುಂತಾದ ಹಳೆಯ ಕೋಡೆಕ್‌ಗಳ ವಿಡಿಯೊಗಳು ಅಲ್ಲಿ ತಾವಾಗಿ ಓಡುವುದು ನಿಂತಿತು. ಕೆಲವೊಮ್ಮೆ ಕಾರಣ ಭದ್ರತೆ. ಹಳೆಯ ಕೋಡೆಕ್ ಬರೆದ ಕಾಲದಲ್ಲಿ ಯಾರೋ ಬೇಕೆಂದೇ ಕೆಟ್ಟ ಫೈಲ್ ಮಾಡಿ ಕಳಿಸುತ್ತಾರೆ ಎಂದು ಅಷ್ಟಾಗಿ ಯೋಚಿಸುತ್ತಿರಲಿಲ್ಲ. ಅಂಥ ಬಿರುಕಿನಿಂದ ಕಂಪ್ಯೂಟರಿನೊಳಗೆ ನುಗ್ಗಬಹುದು. 2009ರಲ್ಲಿ ಮೈಕ್ರೊಸಾಫ್ಟ್ ವಿಂಡೋಸ್ ಎಕ್ಸ್‌ಪಿಯಲ್ಲಿ ಇಂಡಿಯೊ ಕೋಡೆಕ್‌ಗೆ ಕಡಿವಾಣ ಹಾಕಿದ್ದು ಇದೇ ಭಯಕ್ಕೆ. ಇನ್ನು ಕೆಲವು ಸಲ ಹಣದ ಪ್ರಶ್ನೆ. ವಿಂಡೋಸ್ 8ರಿಂದ ಡಿವಿಡಿ ನೋಡುವ ಸೌಲಭ್ಯ ತೆಗೆದದ್ದು ಲೈಸೆನ್ಸ್ ಖರ್ಚು ಉಳಿಸಲು. ಕಾರಣಗಳು ಸರಿಯೇ ಇರಬಹುದು. ಆದರೆ ಅಪ್‌ಗ್ರೇಡ್ ಮಾಡುವ ಮುಂಚೆ ‘ನಿಮ್ಮ ಈ ಫೈಲ್ ಇನ್ಮುಂದೆ ತೆರೆಯುವುದಿಲ್ಲ’ ಅಂತ ಜೋರಾಗಿ ಹೇಳಬೇಕು. ಅಷ್ಟಂತೂ ಬಳಸುವವರ ಹಕ್ಕು.

ನಾನು ಮಾಡಿದ್ದು ಇಷ್ಟು. ವಿಎಲ್‌ಸಿ ಪ್ಲೇಯರ್ ಹಾಕಿಕೊಂಡೆ. 1996ರಲ್ಲಿ ಪ್ಯಾರಿಸ್‌ನ ಕಾಲೇಜೊಂದರ ವಿದ್ಯಾರ್ಥಿಗಳು ಶುರು ಮಾಡಿದ ಕೆಲಸ ಅದು. ಅದು ಸಿಸ್ಟಂ ಹತ್ತಿರ ಕೋಡೆಕ್ ಕೇಳುವುದಿಲ್ಲ, ತನ್ನ ಬುತ್ತಿ ತಾನೇ ಕಟ್ಟಿಕೊಂಡು ಬರುತ್ತದೆ. ಆ ಬುತ್ತಿಯ ದೊಡ್ಡ ಪಾಲು 2000ದಲ್ಲಿ ಫಾಬ್ರಿಸ್ ಬೆಲಾರ್ ಆರಂಭಿಸಿದ ಎಫ್‌ಎಫ್‌ಎಂಪೆಗ್ ಎಂಬ ಯೋಜನೆಯದು. ಮರೆತುಹೋದ ಕೋಡೆಕ್‌ಗಳನ್ನು ಬಿಡಿಸಿ ಓದುವ ಕೋಡ್ ಬರೆದು, ಎಲ್ಲರಿಗೂ ಉಚಿತವಾಗಿ ಕೊಟ್ಟವರು ಅಲ್ಲಿದ್ದಾರೆ. ಅವರ ಋಣ ನಮ್ಮೆಲ್ಲರ ಮನೆ ವಿಡಿಯೊಗಳ ಮೇಲಿದೆ. ‘ಕೋಡೆಕ್ ಪ್ಯಾಕ್’ ಅಂತ ಕಂಡಕಂಡಲ್ಲಿ ಸಿಗುವುದನ್ನು ಮಾತ್ರ ಇಳಿಸಿಕೊಳ್ಳಬೇಡಿ. ಅದರ ಜೊತೆ ವೈರಸ್ ಬರುವುದುಂಟು.

ಮನೆಯವರ ಫೋನಿಗೆ ಕಳಿಸಲು ಹ್ಯಾಂಡ್‌ಬ್ರೇಕ್ ಎಂಬ ಉಚಿತ ಪ್ರೋಗ್ರಾಂನಿಂದ ಎಚ್.264 ಕೋಡೆಕ್‌ನ ಎಂಪಿ4 ಪ್ರತಿ ಮಾಡಿದೆ. ಗುಣಮಟ್ಟದ ಸಂಖ್ಯೆ 18 ಇಟ್ಟೆ. ಅಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಚಿತ್ರ ಚೆನ್ನ. ಅಳತೆ 320ಕ್ಕೆ 240 ಇದ್ದದ್ದು ಹಾಗೇ ಇರಲಿ ಅಂತ ಬಿಟ್ಟೆ. ಸುಮ್ನೆ ಹಿಗ್ಗಿಸಿದರೆ ಇಲ್ಲದ ವಿವರ ಹುಟ್ಟುವುದಿಲ್ಲ. ಮೂಲ ಫೈಲನ್ನು ಅಳಿಸಲಿಲ್ಲ. ಇದು ಮುಖ್ಯ. ಒಮ್ಮೆ ಒತ್ತಿದ್ದನ್ನು ಬಿಡಿಸಿ ಇನ್ನೊಂದು ಕೋಡೆಕ್‌ನಲ್ಲಿ ಒತ್ತಿದಾಗ, ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ, ಒಂದಿಷ್ಟು ಕಳೆದೇ ಹೋಗುತ್ತದೆ. ನಾಳೆ ಇನ್ನೂ ಒಳ್ಳೆಯ ಉಪಾಯ ಬಂದರೆ ಮೂಲದಿಂದಲೇ ಶುರು ಮಾಡಬೇಕು.

ನಿಮ್ಮ ಮನೆಯಲ್ಲಿ ಮದುವೆಯ ವಿಸಿಡಿ ಇದ್ದರೆ, ಅದರಲ್ಲಿ ಎಂಪೆಗ್‌ಎವಿ ಎಂಬ ಫೋಲ್ಡರಿನೊಳಗೆ ‘ಡ್ಯಾಟ್’ ಎಂದು ಕೊನೆಯಾಗುವ ಫೈಲ್ ಇರುತ್ತದೆ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಕಂಪ್ಯೂಟರ್ ಗುರುತಿಸದೆ ಇರಬಹುದು. ಒಳಗಿರುವುದು 1993ರ ಎಂಪೆಗ್-1, ವಿಎಲ್‌ಸಿಯಲ್ಲಿ ಎಳೆದು ಹಾಕಿದರೆ ಓಡುತ್ತದೆ. ಅಲ್ಲಿ ಅವಸರ ಇರುವುದು ಸಿಡಿಗೆ. ಗೀರು ಬಿದ್ದು, ಮೇಲಿನ ಪದರ ಎದ್ದು ಹೋಗುವ ಮೊದಲು ಫೈಲನ್ನು ಹಾರ್ಡ್ ಡಿಸ್ಕಿಗೆ ತೆಗೆದಿಡಿ.

ಅವತ್ತು ರಾತ್ರಿ ವಿಎಲ್‌ಸಿಯಲ್ಲಿ ಫೈಲ್ ಹಾಕಿದಾಗ ಅಮ್ಮ ಕುರ್ಚಿ ಎಳೆದುಕೊಂಡು ಪರದೆಗೆ ಹತ್ತಿರ ಕೂತರು. ಹಸೆಮಣೆ ಕಂಡಿತು. ಅಜ್ಜಿ ಕಂಡರು, ಇಟ್ಟಿಗೆ ಇಟ್ಟಿಗೆಯಾದ ಅಂಚಿನ ಸೀರೆಯಲ್ಲಿ. ಅವರ ಬಲಗಡೆ ಕಂಬಕ್ಕೆ ಒರಗಿ, ಮಡಿಲಲ್ಲಿ ತೆಂಗಿನಕಾಯಿ ತಟ್ಟೆ ಇಟ್ಟುಕೊಂಡು, ಕಣ್ಣು ಮುಚ್ಚಿ ದೊಡ್ಡಮ್ಮ ಹಾಡುತ್ತಿದ್ದರು. ಅಮ್ಮ ತಕ್ಷಣ ಚಿಕ್ಕಮ್ಮನಿಗೆ ಫೋನ್ ಮಾಡಿದರು.