ಹೊಸ ಕಾರ್ಡ್ ಹಾಕಿದೆ, ಡಿಸ್ಪ್ಲೇ ಬರ್ತಿಲ್ಲ

2025 ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಆಮೇಲೆ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ನಮ್ಮ ರಿಪೇರಿ ಮೇಜಿಗೆ ಬರುವ ಹಳೆ ಡೆಸ್ಕ್‌ಟಾಪ್‌ಗಳು ಜಾಸ್ತಿಯಾಗಿವೆ. ಹೆಚ್ಚಿನವು ಸೆಕೆಂಡ್, ಥರ್ಡ್ ಜನರೇಷನ್ ಐ3, ಐ5. ನಡುವೆ ಒಂದೊಂದು ಕೋರ್ 2 ಡುಯೊ. ವಿಂಡೋಸ್ 11 ಇವನ್ನು ಹತ್ತಿರ ಸೇರಿಸುವುದಿಲ್ಲ. ಇಂಟೆಲ್ ಆದರೆ ಎಂಟನೇ ಜನರೇಷನ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಏನೋ ಉಪಾಯ ಮಾಡಿ ತುರುಕಿಸಿದರೂ ಕೋರ್ 2 ಡುಯೊದಲ್ಲಿ ಅದರ 24ಎಚ್2 ಆವೃತ್ತಿ ಬೂಟ್ ಆಗುವುದೇ ಇಲ್ಲ. ಅದಕ್ಕೆ ಬೇಕಾದ ಎಸ್‌ಎಸ್‌ಇ 4.2 ಎಂಬ ಆದೇಶಗಳ ಗುಂಪು ಆ ಪ್ರೊಸೆಸರಿನಲ್ಲಿ ಇಲ್ಲ.

ಹಾಗಾಗಿ ಜನ ಎರಡು ಕೆಲಸ ಮಾಡುತ್ತಾರೆ. ಒಂದು, ವಿಂಡೋಸ್ ಪಕ್ಕದಲ್ಲಿ ಲಿನಕ್ಸ್ ಎಂಬ ಇನ್ನೊಂದು ಓಎಸ್ (ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್) ಹಾಕಿಸುತ್ತಾರೆ. ನಮ್ಮಲ್ಲಿ ಇದು ಕಷ್ಟದ ಮಾತಲ್ಲ. ಕೇರಳದ ಶಾಲೆಗಳಲ್ಲಿ ಸರಕಾರದ ಕೈಟ್ ಸಂಸ್ಥೆ ಉಬುಂಟು ಎಂಬ ಲಿನಕ್ಸ್ ಆಧರಿಸಿ ಮಾಡಿದ ಲಿನಕ್ಸೇ ನಡೆಯುವುದು. ಕನ್ನಡ ಮೀಡಿಯಂ ಮಕ್ಕಳೂ ಎಸ್ಸೆಸ್ಸೆಲ್ಸಿಯ ಐಟಿ ಪ್ರಾಕ್ಟಿಕಲ್ ಅದರಲ್ಲೇ ಮಾಡುತ್ತಾರೆ. ಅಪ್ಪನಿಗೆ ಲಿನಕ್ಸ್ ಅಂದರೆ ಗಾಬರಿ, ಮಗಳಿಗೆ ಅದು ಶಾಲೆಯ ಕಂಪ್ಯೂಟರ್. ಇನ್ನೊಂದು, ಆನ್‌ಲೈನಿನಲ್ಲೋ ಮಂಗಳೂರಿನಲ್ಲೋ ಗ್ರಾಫಿಕ್ಸ್ ಕಾರ್ಡ್ ತಂದು ಸಿಕ್ಕಿಸುತ್ತಾರೆ. ಎರಡನ್ನೂ ಒಟ್ಟಿಗೆ ಮಾಡಿದವರು ಮರುದಿನ ಪಿಸಿ ಹೊತ್ತುಕೊಂಡು ಬರುತ್ತಾರೆ. "ಫ್ಯಾನ್ ತಿರುಗ್ತದೆ, ಲೈಟ್ ಉಂಟು, ಡಿಸ್ಪ್ಲೇ ಇಲ್ಲ. ಕಾರ್ಡ್ ಹೋಗಿದೆ ಅಂತ ಕಾಣ್ತದೆ."

ಕಾರ್ಡ್ ನಿಜವಾಗಿ ಹೋಗಿರುವುದು ಕಡಿಮೆ. ಮಾನಿಟರಿನ ಕೇಬಲ್ ಇನ್ನೂ ಮದರ್‌ಬೋರ್ಡಿನ ಪೋರ್ಟಿನಲ್ಲೇ ಇದೆಯಾ ಅಂತ ಮೊದಲು ನೋಡಿ. ಕಾರ್ಡ್ ಕಂಡ ಕೂಡಲೇ ಬೋರ್ಡಿನದೇ ಡಿಸ್ಪ್ಲೇ ಬಂದ್ ಮಾಡುವ ಪಿಸಿಗಳೇ ಜಾಸ್ತಿ. ಅದಲ್ಲ ಅಂತಾದರೆ ಮುಂದಿನ ವಿಷಯಕ್ಕೆ ಬರಬೇಕು.

ಪವರ್ ಬಟನ್ ಒತ್ತಿದಾಗ ಪರದೆಯ ಮೇಲೆ ಮೊದಲ ಚಿತ್ರ ಬರೆಯುವುದು ವಿಂಡೋಸ್ ಅಲ್ಲ, ಲಿನಕ್ಸೂ ಅಲ್ಲ. ಗ್ರಾಫಿಕ್ಸ್ ಕಾರ್ಡಿನೊಳಗೇ ಒಂದು ಸಣ್ಣ ಪ್ರೋಗ್ರಾಂ ಇರುತ್ತದೆ, ವಿಬಯೋಸ್ ಅಂತ. ಮದರ್‌ಬೋರ್ಡಿನ ಫರ್ಮ್‌ವೇರ್, ಅಂದರೆ ಬೋರ್ಡಿನಲ್ಲೇ ಕೂತಿರುವ ಮೂಲ ಪ್ರೋಗ್ರಾಂ, ಅದನ್ನು ಕರೆದು ಕೆಲಸಕ್ಕೆ ಹಚ್ಚುತ್ತದೆ. ಕರೆಯುವ ರೀತಿ ಎರಡು. ಹಳೆ ಪಿಸಿಗಳ ಫರ್ಮ್‌ವೇರ್ ಆದ ಬಯೋಸ್ ಕರೆಯುವುದು ಇಂಟ್ 10 ಎಂಬ ದಾರಿಯಲ್ಲಿ. ಬಯೋಸಿನ ಜಾಗಕ್ಕೆ ಯುಇಎಫ್ಐ ಎಂಬ ಹೊಸ ಫರ್ಮ್‌ವೇರ್ ಬಂದ ಮೇಲೆ ಜಿಒಪಿ ಎಂಬ ಹೊಸ ದಾರಿ ಬಂತು. ಜಿಒಪಿ ಕಾರ್ಡುಗಳಲ್ಲಿ ಕಾಣತೊಡಗಿದ್ದು ಸುಮಾರು 2012ರಿಂದ. ಅದಕ್ಕಿಂತ ಹಿಂದಿನ 8400 ಜಿಎಸ್, ಜಿಫೋರ್ಸ್ 210 ತರದ ಕಾರ್ಡಿಗೆ ಇಂಟ್ 10 ಮಾತ್ರ ಗೊತ್ತು. ಆಮೇಲಿನ ಹೆಚ್ಚಿನ ಕಾರ್ಡುಗಳಲ್ಲಿ ಎರಡೂ ಇವೆ. ಇಂಟೆಲ್‌ನ ಆರ್ಕ್ ಕಾರ್ಡಿಗೆ ಯುಇಎಫ್ಐ ಬೇಕೇ ಬೇಕು. ಅದನ್ನು ಹಳೆ ಪಿಸಿಗೆ ತರಲೇಬೇಡಿ.

ಓಎಸ್ ಎಬ್ಬಿಸುವ ಬೂಟ್ ಲೋಡರ್ ಎಂಬ ಪ್ರೋಗ್ರಾಮಿಗೂ ಹೀಗೇ ಎರಡು ದಾರಿ. ಹಳೆ ಬಯೋಸ್ ಡಿಸ್ಕಿನ ಮೊದಲ 512 ಬೈಟ್ ಓದುತ್ತದೆ, ಎಂಬಿಆರ್ ಅನ್ನುವುದು ಅದಕ್ಕೇ. ಅದರಲ್ಲಿ ಬೂಟ್ ಕೋಡಿಗೆ ಸಿಗುವ ಜಾಗ 446 ಬೈಟ್. ಯುಇಎಫ್ಐ ಹಾಗಲ್ಲ. ಡಿಸ್ಕಿನಲ್ಲಿ ಎಫ್‌ಎಟಿ32 ರೀತಿಯ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಹುಡುಕಿ, ಅದರೊಳಗಿನ ಇಎಫ್ಐ ಫೋಲ್ಡರಿನಿಂದ ಫೈಲ್ ಎತ್ತಿಕೊಂಡು ಓಡಿಸುತ್ತದೆ. ಫರ್ಮ್‌ವೇರ್, ಕಾರ್ಡ್, ಬೂಟ್ ಲೋಡರ್ ಮೂರೂ ಒಂದೇ ದಾರಿಯಲ್ಲಿದ್ದರೆ ಪಿಸಿ ಏಳುತ್ತದೆ. ಒಂದು ಬೇರೆ ದಾರಿ ಹಿಡಿದರೂ ಪರದೆ ಕಪ್ಪು, ಇಲ್ಲವೇ ಓಎಸ್ ಏಳುವುದಿಲ್ಲ. ಅದಕ್ಕೇ ನಾನು ಹೇಳುವುದು, ಮೊದಲು ದಾರಿ ಯಾವುದು ಅಂತ ನಿಶ್ಚಯ ಮಾಡಿ, ಆಮೇಲೆ ಕಾರ್ಡಿಗೆ ದುಡ್ಡು ಹಾಕಿ.

ನಿಮ್ಮದು ಯಾವುದು ಅಂತ ತಿಳಿಯಲು ಎರಡು ನಿಮಿಷ ಸಾಕು. ವಿಂಡೋಸಿನಲ್ಲಿ ಸಿಸ್ಟಮ್ ಇನ್ಫರ್ಮೇಷನ್ ತೆರೆದರೆ ಬಯೋಸ್ ಮೋಡ್ ಅನ್ನುವ ಸಾಲಿನಲ್ಲಿ ಲೆಗಸಿ (ಅಂದರೆ ಹಳೆ ಬಯೋಸ್ ದಾರಿ) ಅಥವಾ ಯುಇಎಫ್ಐ ಅಂತ ಬರೆದಿರುತ್ತದೆ. ಲಿನಕ್ಸಿನಲ್ಲಾದರೆ ಸಿಸ್ ಫೋಲ್ಡರಿನ ಒಳಗೆ ಫರ್ಮ್‌ವೇರ್, ಅದರೊಳಗೆ ಇಎಫ್ಐ ಎಂಬ ಫೋಲ್ಡರ್ ಇದೆಯಾ ನೋಡಿ. ಇದ್ದರೆ ಯುಇಎಫ್ಐ, ಇಲ್ಲದಿದ್ದರೆ ಲೆಗಸಿ.

2011, 2012ರ ಬೋರ್ಡುಗಳೇ ದೊಡ್ಡ ತಲೆನೋವು. ಅವುಗಳಲ್ಲಿ ಯುಇಎಫ್ಐ ಉಂಟು, ಜೊತೆಗೆ ಹಳೆ ದಾರಿಯನ್ನು ತೆರೆದಿಡುವ ಸಿಎಸ್‌ಎಂ ಎಂಬ ಸೆಟ್ಟಿಂಗೂ ಉಂಟು. ಸಿಎಸ್‌ಎಂ ಬಂದ್ ಮಾಡಿ ಜಿಒಪಿ ಇಲ್ಲದ ಹಳೆ ಕಾರ್ಡ್ ಹಾಕಿದರೆ ಕೆಲವು ಬೋರ್ಡು ತಾನೇ ಸಿಎಸ್‌ಎಂ ಆನ್ ಮಾಡಿ ಒಂದು ಎಚ್ಚರಿಕೆ ತೋರಿಸುತ್ತದೆ. ಕೆಲವು ಬೀಪ್ ಹೊಡೆಯುತ್ತವೆ. ಕೆಲವು ಸುಮ್ನೆ ಇರುತ್ತವೆ. ಸುಮ್ನಿದ್ದರೆ ಕಾರ್ಡ್ ತೆಗೆದು, ಬೋರ್ಡಿನ ಡಿಸ್ಪ್ಲೇಯಲ್ಲಿ ಸೆಟ್ಟಿಂಗ್ ಬದಲಾಯಿಸಿ, ಕಾರ್ಡನ್ನು ಮತ್ತೆ ಹಾಕಿ. ಕಂಪನಿ ಪಿಸಿಗಳಲ್ಲಿ ಬಯೋಸ್ ಅಪ್‌ಡೇಟ್ ಮಾಡಿದ ಮೇಲೆ ಕಾರ್ಡ್ ಎದ್ದದ್ದೂ ಉಂಟು. ಆದರೆ ಅಪ್‌ಡೇಟನ್ನು ಯುಪಿಎಸ್ ಇಲ್ಲದೆ ಮಾಡಬೇಡಿ. ನಮ್ಮ ಮಳೆಗಾಲದ ಕರೆಂಟನ್ನು ನಂಬಿ ಬಯೋಸ್ ಬರೆಯಲು ಹೊರಡುವವರ ಧೈರ್ಯ ದೊಡ್ಡದು.

ಈಗ ಒಂದು ಕೇಸ್ ಹೇಳುತ್ತೇನೆ. ಕಾಸರಗೋಡಿನ ಒಂದು ಡಿಟಿಪಿ ಅಂಗಡಿಯ ಪಿಸಿ. ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್, ಮದುವೆ ಕಾಗದ, ಎಲ್ಲವೂ ಪೇಜ್‌ಮೇಕರ್ 7ರಲ್ಲಿ, ನುಡಿ ಫಾಂಟಿನಲ್ಲಿ. ಪ್ರತಿ ವರ್ಷ ಹಳೆ ಫೈಲ್ ತೆರೆದು ತಾರೀಕು ಬದಲಾಯಿಸಿದರೆ ಕೆಲಸ ಮುಗಿಯಿತು. ಹಾಗಾಗಿ 32 ಬಿಟ್ ವಿಂಡೋಸ್ 7 ಬಿಡುವ ಹಾಗಿಲ್ಲ. ಆದರೆ ವಿಂಡೋಸ್ 7ರ ಬೆಂಬಲ ಮುಗಿದದ್ದು 2020 ಜನವರಿಯಲ್ಲಿ. ಅದನ್ನು ಇಂಟರ್ನೆಟ್ಟಿಗೆ ಬಿಡುವುದು ಬೇಡ. ಮೇಲ್, ವಾಟ್ಸಾಪ್ ವೆಬ್ಬಿಗೆ ಲಿನಕ್ಸ್ ಮಿಂಟ್, ಆಮಂತ್ರಣಕ್ಕೆ ವಿಂಡೋಸ್ 7, ಆನ್ ಮಾಡಿದಾಗ ಲಿನಕ್ಸಿನ ಬೂಟ್ ಲೋಡರ್ ಆದ ಗ್ರಬ್‌ನ ಮೆನುವಿನಲ್ಲಿ ಬೇಕಾದ್ದನ್ನು ಆರಿಸುವುದು. ಅವರ ಹುಡುಗ ಮಿಂಟ್ ಹಾಕಿದ್ದೂ ಆಗಿತ್ತು. ಆದರೆ ಮೆನುವಿನಲ್ಲಿ ವಿಂಡೋಸ್ ಇಲ್ಲ!

ಲಿನಕ್ಸ್ ಹಾಕಲು ಪೆನ್‌ಡ್ರೈವ್ ಸಿಕ್ಕಿಸಿ, ಎಫ್12 ಒತ್ತಿ ಬೂಟ್ ಮೆನು ತೆರೆದಾಗ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣುತ್ತದೆ. ಒಂದು ಬರೀ ಪೆನ್‌ಡ್ರೈವಿನ ಹೆಸರು. ಇನ್ನೊಂದು ಅದೇ ಹೆಸರು, ಮುಂದೆ ಯುಇಎಫ್ಐ ಅಂತ. ಹೊಸದೇ ಒಳ್ಳೆಯದು ಅಂತ ಎಲ್ಲರೂ ಎರಡನೆಯದನ್ನು ಒತ್ತುತ್ತಾರೆ. ಆಗ ಲಿನಕ್ಸ್ ಕೂಡ ಯುಇಎಫ್ಐ ದಾರಿಯಲ್ಲೇ ಕೂತುಕೊಳ್ಳುತ್ತದೆ. ವಿಂಡೋಸ್ 7 ಇರುವುದು ಎಂಬಿಆರ್ ದಾರಿಯಲ್ಲಿ. ಯುಇಎಫ್ಐ ಗ್ರಬ್‌ಗೆ ಅದನ್ನು ಎಬ್ಬಿಸಲು ಆಗುವುದಿಲ್ಲ. ವಿಂಡೋಸ್ 7ರ 32 ಬಿಟ್ ಆವೃತ್ತಿಗೆ ಯುಇಎಫ್ಐ ಬೂಟ್ ಬರುವುದಿಲ್ಲ. 64 ಬಿಟ್ಟಿನದ್ದು ಯುಇಎಫ್ಐಯಲ್ಲಿ ಏಳುತ್ತದೆ, ಆದರೆ ಚಿತ್ರಕ್ಕೆ ಅದೇ ಇಂಟ್ 10 ಕೇಳುತ್ತದೆ. ಸಿಎಸ್‌ಎಂ ಬಂದ್ ಇದ್ದರೆ ಸ್ಟಾರ್ಟಿಂಗ್ ವಿಂಡೋಸ್ ಅನ್ನುವಲ್ಲೇ ನಿಂತುಬಿಡುತ್ತದೆ. ಹಾಗಾಗಿ ಈ ತರದ ಪಿಸಿಯಲ್ಲಿ ಲಿನಕ್ಸನ್ನೂ ಲೆಗಸಿಯಲ್ಲೇ ಹಾಕಬೇಕು. ಮೆನುವಿನಲ್ಲಿ ಮುಂದೆ ಏನೂ ಬರೆಯದ ಹೆಸರನ್ನು ಒತ್ತಿದರೆ ಆಯ್ತು.

ಇಷ್ಟು ಮಾಡಿದರೂ ವಿಂಡೋಸ್ ಕಾಣದಿದ್ದರೆ ಅದು ಗ್ರಬ್‌ನ ಹೊಸ ಅಭ್ಯಾಸ. ಗ್ರಬ್ 2.06ರಿಂದ ಬೇರೆ ಓಎಸ್ ಹುಡುಕುವ ಒಎಸ್-ಪ್ರೋಬರ್ ತಾನಾಗಿ ಓಡುವುದಿಲ್ಲ. ಗ್ರಬ್‌ನ ಸೆಟ್ಟಿಂಗ್ ಫೈಲಿನಲ್ಲಿ ಅದನ್ನು ತಡೆಯುವ ಸಾಲನ್ನು ಫಾಲ್ಸ್ ಮಾಡಿ ಅಪ್‌ಡೇಟ್-ಗ್ರಬ್ ಕೊಡಬೇಕು. ಎಕ್ಸ್‌ಪಿ ಕಾಲದಲ್ಲಿ ಪಾರ್ಟಿಷನ್ ಮಾಡಿದ ಡಿಸ್ಕಿನಲ್ಲಿ ಇನ್ನೊಂದು ರಗಳೆ. ಆಗ ಮೊದಲ ಪಾರ್ಟಿಷನ್ 63ನೇ ಸೆಕ್ಟರಿನಿಂದ (ಒಂದು ಸೆಕ್ಟರ್ ಅಂದರೆ 512 ಬೈಟ್) ಶುರು. ಗ್ರಬ್ ಕೂರುವುದು ಎಂಬಿಆರ್‌ಗೂ ಪಾರ್ಟಿಷನ್ನಿಗೂ ನಡುವಿನ ಖಾಲಿ ಜಾಗದಲ್ಲಿ. 63 ಸೆಕ್ಟರ್ ಅಂದರೆ ಸುಮಾರು 31 ಕೆಬಿ, ಈಗಿನ ಗ್ರಬ್ ಕೆಲವೊಮ್ಮೆ ಅಷ್ಟರಲ್ಲಿ ಹಿಡಿಸುವುದಿಲ್ಲ. ಹೊಸ ಡಿಸ್ಕುಗಳಲ್ಲಿ ಒಂದು ಎಂಬಿ ಬಿಟ್ಟಿರುತ್ತಾರೆ, ಚಿಂತೆ ಇಲ್ಲ.

ಎರಡು ಓಎಸ್ ಇಟ್ಟವರು ಕೇಳುವ ಇನ್ನೊಂದು ಪ್ರಶ್ನೆ: "ಲಿನಕ್ಸಿಗೆ ಹೋಗಿ ಬಂದ್ರೆ ವಿಂಡೋಸಿನಲ್ಲಿ ಗಂಟೆ ತಪ್ಪು ತೋರಿಸ್ತದೆ." ತಪ್ಪು ಎಷ್ಟು ಅಂತ ನೋಡಿ, ಸರಿಯಾಗಿ ಐದೂವರೆ ಗಂಟೆ ಹಿಂದೆ ಇರುತ್ತದೆ. ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಇಡುವುದು ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯ, ವಿಂಡೋಸ್ ಅದನ್ನೇ ಭಾರತದ ಸಮಯ ಅಂದುಕೊಳ್ಳುತ್ತದೆ. ಲಿನಕ್ಸಿಗೆ ಸ್ಥಳೀಯ ಸಮಯ ಇಡಲು ಹೇಳಿದರೆ ಸರಿಯಾಗುತ್ತದೆ.

ಕಾರ್ಡ್ ವಿಷಯಕ್ಕೆ ಮತ್ತೆ ಬರೋಣ. ಬಯೋಸ್ ಲೋಗೊ ಬರ್ತದೆ, ಗ್ರಬ್ ಮೆನು ಬರ್ತದೆ, ಲಿನಕ್ಸ್ ಆರಿಸಿದ ಮೇಲೆ ಕಪ್ಪು ಅಂತಾದರೆ ಫರ್ಮ್‌ವೇರಿನ ಜಗಳ ಮುಗಿದಿದೆ, ಈಗಿನದು ಡ್ರೈವರಿನ, ಅಂದರೆ ಓಎಸ್‌ಗೆ ಕಾರ್ಡ್ ಬಳಸಲು ಬೇಕಾದ ಪ್ರೋಗ್ರಾಮಿನ, ಜಗಳ. ಗ್ರಬ್ ಮೆನುವಿನಲ್ಲಿ ಇ ಅಕ್ಷರ ಒತ್ತಿ. ಲಿನಕ್ಸ್ ಅಂತ ಶುರುವಾಗುವ ಸಾಲಿನ ಕೊನೆಗೆ ಒಂದು ಎಡೆ ಬಿಟ್ಟು, ನೋಮೋಡ್‌ಸೆಟ್ (nomodeset) ಅಂತ ಇಂಗ್ಲಿಷಿನಲ್ಲಿ ಒಂದೇ ಪದವಾಗಿ ಸೇರಿಸಿ, ಎಫ್10 ಒತ್ತಿ. ಪರದೆ ದೊಡ್ಡ ದೊಡ್ಡ ಅಕ್ಷರದಲ್ಲಿ ಒರಟಾಗಿ ಬರಬಹುದು, ಆದರೆ ಬರುತ್ತದೆ. ಅದು ಆ ಒಂದು ಸಲಕ್ಕೆ ಮಾತ್ರ. ಒಳಗೆ ಹೋಗಿ ಸರಿಯಾದ ಡ್ರೈವರ್ ಹಾಕಿ.

ಸರಿಯಾದ ಡ್ರೈವರ್ ಯಾವುದು ಅನ್ನುವುದು ಎನ್‌ವಿಡಿಯಾದಲ್ಲಿ ಕಾರ್ಡಿನ ವಯಸ್ಸಿನ ಮೇಲೆ. 8400 ಜಿಎಸ್, 210ಕ್ಕೆ 340 ಸರಣಿಯ ಡ್ರೈವರ್. ಅದು 2019ಕ್ಕೇ ನಿಂತಿದೆ, ಈಗಿನ ಕರ್ನಲ್ (ಲಿನಕ್ಸಿನ ತಿರುಳು) ಜೊತೆ ಹೊಂದುವುದಿಲ್ಲ. ನೂವೊ ಎಂಬ ಮುಕ್ತ ಡ್ರೈವರಿನಲ್ಲೇ ಸುಧಾರಿಸಬೇಕು. ಜಿಟಿ 710ಕ್ಕೆ 470 ಸರಣಿ. ಜಿಟಿಎಕ್ಸ್ 750 ಟಿಐ, ಜಿಟಿ 1030, 1050 ಟಿಐಗೆ 580 ಸರಣಿಯೇ ಕೊನೆಯದು. ಸೆಕೆಂಡ್ ಹ್ಯಾಂಡ್ ಜಿಟಿ 730 ಕೊಳ್ಳುವಾಗ ಕಣ್ಣು ತೆರೆದಿಟ್ಟುಕೊಳ್ಳಿ. ಆ ಒಂದೇ ಹೆಸರಿನಲ್ಲಿ ಎರಡು ಬೇರೆ ಚಿಪ್ ಬಂದಿವೆ. 128 ಬಿಟ್ ಡಿಡಿಆರ್3 ಅಂತ ಬರೆದದ್ದು ಹಳೆ ಫರ್ಮಿ ಚಿಪ್, ಅದಕ್ಕೆ 390 ಸರಣಿ ಬೇಕು, ಅದೂ ನಿಂತಿದೆ. ಜಿಟಿ 1030ರಲ್ಲೂ ಇಂಥದ್ದೇ ಆಟ. ಜಿಡಿಡಿಆರ್5 ಇರುವುದನ್ನೇ ಕೇಳಿ, ಡಿಡಿಆರ್4ರದ್ದರ ಮೆಮೊರಿ ವೇಗ ಅದರ ಅರ್ಧವೂ ಇಲ್ಲ. ಲಿನಕ್ಸಿಗೇ ಅಂತಾದರೆ ನಾನು ಎಎಂಡಿ ಕಂಪನಿಯ ಆರ್‌ಎಕ್ಸ್ 550 ಹಾಕುವುದು. ಎಎಂಡಿ ಡ್ರೈವರ್ ಕರ್ನಲ್ಲಿನಲ್ಲೇ ಇರುವುದರಿಂದ ಈ ಸರಣಿಗಳ ಲೆಕ್ಕವೇ ಬೇಡ.

ಕರೆಂಟಿನ ಲೆಕ್ಕ ಮಾತ್ರ ಬೇಕು. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಿಂದ ಸಿಗುವುದು ಗರಿಷ್ಠ 75 ವಾಟ್. ಡೆಲ್ ಆಪ್ಟಿಪ್ಲೆಕ್ಸ್ 7010 ಟವರಿನ ಸಪ್ಲೈ ಒಟ್ಟು 275 ವಾಟ್, ಚಿಕ್ಕ ಪೆಟ್ಟಿಗೆಯದ್ದು 240. ಅದಕ್ಕೆ ಬೇರೆ ಪವರ್ ಕೇಬಲ್ ಕೇಳುವ ಕಾರ್ಡ್ ಬೇಡ. ಜಿಟಿ 1030 ಕುಡಿಯುವುದು 30 ವಾಟ್, ಸಾಕಲ್ಲ? ಚಿಕ್ಕ ಪೆಟ್ಟಿಗೆಗೆ ಕಾರ್ಡನ್ನು ಬಿಗಿಯುವ ಗಿಡ್ಡ ಬ್ರಾಕೆಟ್ ಜೊತೆಗೆ ಬರುತ್ತದಾ ಅಂತಲೂ ಕೇಳಿ.

ಇನ್ನು ಕಸ್ಟಮ್ ಬೂಟ್ ಲೋಡರ್. ಕಾಲೇಜು ಹುಡುಗರು ಅಡಾಪ್ಟರ್ ಸಿಕ್ಕಿಸಿ ಹಳೆ ಬೋರ್ಡಿಗೆ ಎನ್‌ವಿಎಂಇ ಎಂಬ ಹೊಸ, ವೇಗದ ಬಗೆಯ ಎಸ್‌ಎಸ್‌ಡಿ ಹಾಕುತ್ತಾರೆ. ವಿಂಡೋಸಿನೊಳಗೆ ಡ್ರೈವ್ ಕಾಣುತ್ತದೆ, ಬೂಟ್ ಮೆನುವಿನಲ್ಲಿ ಕಾಣುವುದಿಲ್ಲ. ಬೋರ್ಡಿನ ಫರ್ಮ್‌ವೇರಿನಲ್ಲಿ ಎನ್‌ವಿಎಂಇ ಡ್ರೈವರ್ ಇಲ್ಲ, ಅಷ್ಟೇ. ಕ್ಲೋವರ್ ಎಂಬ ಬೂಟ್ ಲೋಡರನ್ನು ಪೆನ್‌ಡ್ರೈವಿಗೆ ಹಾಕಿ, ಅದರಲ್ಲಿ ಎನ್‌ವಿಎಂಇ ಡ್ರೈವರ್ ಫೈಲ್ ಇಟ್ಟರೆ ಪಿಸಿ ಮೊದಲು ಪೆನ್‌ಡ್ರೈವಿನಿಂದ ಎದ್ದು, ಡ್ರೈವರ್ ಹತ್ತಿಸಿಕೊಂಡು, ಆಮೇಲೆ ಎಸ್‌ಎಸ್‌ಡಿಗೆ ಹಾರುತ್ತದೆ. ಯುಇಎಫ್ಐಯೇ ಇಲ್ಲದ ಬೋರ್ಡಿನಲ್ಲೂ ಇದು ನಡೆಯುತ್ತದೆ, ಕ್ಲೋವರ್ ಅಲ್ಲಿ ತಾನೇ ಯುಇಎಫ್ಐ ವಾತಾವರಣ ಕಟ್ಟಿಕೊಡುತ್ತದೆ. ಆಟಕ್ಕೆ ಚೆಂದ. ಆದರೆ ಪೆನ್‌ಡ್ರೈವ್ ಹೋದ ದಿನ ಪಿಸಿ ಏಳುವುದಿಲ್ಲ. ಮನೆಯ ಕೆಲಸಕ್ಕೆ ಹಾರ್ಡ್ ಡಿಸ್ಕಿನ ಕೇಬಲ್ಲಿಗೇ ಸಿಕ್ಕಿಸುವ ಸಾಟಾ ಎಸ್‌ಎಸ್‌ಡಿ ಸಾಕು ಅನ್ನುವುದು ನನ್ನ ಅಭಿಪ್ರಾಯ. ಹಾರ್ಡ್ ಡಿಸ್ಕಿನಿಂದ ಅದಕ್ಕೆ ಬಂದಾಗ ಗೊತ್ತಾಗುವಷ್ಟು ವ್ಯತ್ಯಾಸ ಅಲ್ಲಿಂದ ಮುಂದೆ ಗೊತ್ತಾಗುವುದಿಲ್ಲ.

ಕಸ್ಟಮ್ ಬೂಟ್ ಲೋಡರ್ ನಿಜವಾಗಿ ಬೇಕಾಗುವುದು ಹಳೆ ಮ್ಯಾಕ್ ಪ್ರೊಗೆ. ಮದುವೆ, ಯಕ್ಷಗಾನದ ವಿಡಿಯೊ ಮಾಡುವ ಸ್ಟುಡಿಯೊಗಳಲ್ಲಿ 2010ರ ಮಾದರಿ ಇನ್ನೂ ಕೆಲವು ಉಳಿದಿವೆ. 2018ರ ಮೊಜಾವೆ ಎಂಬ ಮ್ಯಾಕ್ ಓಎಸ್ ಆವೃತ್ತಿಯಿಂದ, ಆಪಲ್‌ನ ಮೆಟಲ್ ಎಂಬ ಗ್ರಾಫಿಕ್ಸ್ ವ್ಯವಸ್ಥೆಗೆ ಬೆಂಬಲ ಇರುವ ಕಾರ್ಡ್ ಬೇಕಾಯಿತು. ಜನ ಆರ್‌ಎಕ್ಸ್ 580 ಹಾಕಿದರು. ಆನ್ ಮಾಡಿದರೆ ಪರದೆ ಕಪ್ಪು, ತುಸು ಹೊತ್ತು ಬಿಟ್ಟು ನೇರ ಲಾಗಿನ್ ಪುಟವೇ ಬರುತ್ತದೆ. ಆಪಲ್‌ನ ಹಳೆ ಇಎಫ್ಐ ಚಿತ್ರಕ್ಕೆ ಬಳಸುವುದು ಯುಜಿಎ ಎಂಬ ಬೇರೆಯೇ ದಾರಿ, ಪಿಸಿ ಕಾರ್ಡಿನ ಜಿಒಪಿ ಅದಕ್ಕೆ ತಿಳಿಯುವುದಿಲ್ಲ. ಓಎಸ್‌ನ ಡ್ರೈವರ್ ಬರುವ ತನಕ ಕಾಯಬೇಕು. ಓಪನ್‌ಕೋರ್ ಎಂಬ ಬೂಟ್ ಲೋಡರ್ ನಡುವೆ ನಿಂತು ಈ ಎರಡನ್ನು ಜೋಡಿಸುತ್ತದೆ, ಆಗ ಬೂಟ್ ಡಿಸ್ಕ್ ಆರಿಸುವ ಪರದೆ ಕಾಣುತ್ತದೆ. ಆ ಮ್ಯಾಕಿನ ಬೋರ್ಡಿನಲ್ಲಿ ಕಾರ್ಡಿಗೆ ಎರಡು ಚಿಕ್ಕ ಆರು ಪಿನ್ನಿನ ಪವರ್ ಪೋರ್ಟ್ ಇವೆ, ತಲಾ 75 ವಾಟ್. ಎಂಟು ಪಿನ್ನಿನ ಕಾರ್ಡಿಗೆ ಎರಡನ್ನೂ ಒಟ್ಟು ಮಾಡುವ ಕೇಬಲ್ಲೇ ಬೇಕು. ಒಂದರಿಂದ ಎಳೆಯಬೇಡಿ.

ಇಷ್ಟೆಲ್ಲ ಸರಿ ಮಾಡಿ ಕೊಟ್ಟ ಪಿಸಿ ಎರಡು ವರ್ಷ ಬಿಟ್ಟು ಮತ್ತೆ ಡಿಸ್ಪ್ಲೇ ಇಲ್ಲ ಅಂತ ಬರುವುದುಂಟು. ಆಗ ನಾನು ಮೊದಲು ನೋಡುವುದು ಬೋರ್ಡಿನ ಸಿಆರ್2032 ಎಂಬ ನಾಣ್ಯದಂಥ ಸೆಲ್. ಅದು ಸತ್ತರೆ ಪ್ಲಗ್ ತೆಗೆದಿಟ್ಟ ಪಿಸಿಯ ಸೆಟ್ಟಿಂಗೆಲ್ಲ ಮೊದಲಿನಂತಾಗುತ್ತದೆ, ಸಿಎಸ್‌ಎಂ ಕೂಡ. ತುಲಾ ತಿಂಗಳ ಸಿಡಿಲಿಗೆ ಹೆದರಿ ವಾರಗಟ್ಟಲೆ ಪ್ಲಗ್ ತೆಗೆದಿಡುವ ಮನೆಗಳಲ್ಲಿ ಇದು ಜಾಸ್ತಿ. ಪ್ಲಗ್ ತೆಗೆಯುವುದು ಸರಿಯೇ, ನಿಲ್ಲಿಸಬೇಡಿ. ಬಯೋಸ್‌ನ ಬೂಟ್ ಪುಟದ ಒಂದು ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಿ, ಸೆಲ್ ಹಾಕಿದ ಮೇಲೆ ಅದನ್ನು ನೋಡಿ ಹಾಗೆಯೇ ಮಾಡಿದರೆ ಆಯ್ತು. ಅಂಗಡಿಗೆ ಹೊತ್ತು ತರಬೇಕಾಗಿಲ್ಲ.