ನರ ಬೆಳೆಸುವ ಔಷಧಿ ಇದೆ, ತಲುಪಿಸೋದೇ ಕಷ್ಟ

ಇಡೀ ದಿನ ಗದ್ದೆಯಲ್ಲಿ ನಾಟಿ ಮಾಡಿದರೆ ಬೆರಳ ತುದಿ ಸುಕ್ಕುಗಟ್ಟುತ್ತೆ ಅಲ್ವಾ? ನರ ತುಂಡಾದ ಬೆರಳು ಸುಕ್ಕಾಗುವುದಿಲ್ಲ. ಬೆವರುವುದೂ ಇಲ್ಲ, ಒಣಗಿ ನುಣ್ಣಗಿರುತ್ತದೆ. ಅಡಿಕೆ ಸುಗ್ಗಿಯಲ್ಲಿ ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಮೆಟ್ಟುಗತ್ತಿಗೆ ಬೆರಳು ಕೊಟ್ಟವರು, ಕಳೆ ಕೊಚ್ಚುವ ಮಿಷನ್ನಿನಿಂದ ಏಟು ತಿಂದವರು ಬಂದಾಗ ನಾನು ಮೊದಲು ನೋಡುವುದು ಇದನ್ನೇ. ಮೇಲೆ ಚರ್ಮ ಎಷ್ಟೇ ಚೆನ್ನಾಗಿ ಕೂಡಿರಲಿ, ಬೆರಳು ಒಣಗಿದ್ದರೆ ಒಳಗೆ ನರ ಹೋಗಿದೆ ಅಂತ ಅನುಮಾನ.

ಆಮೇಲಿನ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ನರ ಬೆಳೆಸೋ ಇಂಜೆಕ್ಷನ್ ಬಂದಿದೆಯಂತಲ್ಲ ಡಾಕ್ಟ್ರೇ?" ಮೊಬೈಲಿನಲ್ಲಿ ನೋಡಿರುತ್ತಾರೆ. ಪೂರ್ತಿ ಸುಳ್ಳೂ ಅಲ್ಲ.

ನರ ಚಿಗುರಲು ಬೇಕಾದ ಪ್ರೋಟೀನುಗಳು ನಮ್ಮ ಮೈಯಲ್ಲೇ ಇವೆ, ಗ್ರೋತ್ ಫ್ಯಾಕ್ಟರ್ ಅಂತಾರೆ. ಇವನ್ನು ಕಂಡುಹಿಡಿದಿದ್ದಕ್ಕೆ ರೀಟಾ ಲೆವಿ ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ಅವರಿಗೆ 1986ರಲ್ಲಿ ನೊಬೆಲ್ ಬಂತು. ಅವುಗಳಲ್ಲಿ ಒಂದಾದ ಎನ್‌ಜಿಎಫ್ (ನರ್ವ್ ಗ್ರೋತ್ ಫ್ಯಾಕ್ಟರ್) ಅನ್ನು ಸಕ್ಕರೆ ಕಾಯಿಲೆಯಿಂದ ನರ ಕೆಟ್ಟವರಿಗೆ ಚುಚ್ಚಿ ನೋಡಿದರು. ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಆ ಪ್ರಯೋಗದ ಫಲಿತಾಂಶ 2000ದಲ್ಲಿ ಹೊರಬಂತು. ಹೇಳಿಕೊಳ್ಳುವಂಥ ಗುಣ ಕಾಣಲಿಲ್ಲ, ಚುಚ್ಚಿದ ಜಾಗ ಮಾತ್ರ ನೋಯುತ್ತಿತ್ತು. ರಕ್ತಕ್ಕೆ ಸೇರಿದ ಪ್ರೋಟೀನು ಬೇಕಾದ ಜಾಗ ಮುಟ್ಟುವ ಮೊದಲೇ ಒಡೆದುಹೋಗುತ್ತದೆ, ಡೋಸ್ ಏರಿಸೋಣ ಅಂದರೆ ಅದು ನೋವಿನ ನರಗಳನ್ನೇ ಕೆರಳಿಸುತ್ತದೆ.

ಇದೇ ಎನ್‌ಜಿಎಫ್ ಕಣ್ಣಿನ ಡ್ರಾಪ್ಸ್ ಆಗಿ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು, ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ, ನರ ಸೊರಗಿದವರಿಗೆ. ದಿನಕ್ಕೆ 6 ಸಲ, 8 ವಾರ ಹಾಕಬೇಕು. ಕಣ್ಣಿಗಾದರೆ ಸರಿ, ಮುಂಗೈ ಒಳಗಿನ ನರಕ್ಕೆ ದಿನಕ್ಕೆ ಆರು ಸಲ ಹಾಕೋದು ಹೇಗೆ?

ಬಯೋಮೆಟೀರಿಯಲ್, ಅಂದರೆ ಮೈಯೊಳಗೆ ಇಡಲೆಂದೇ ಮಾಡಿದ ವಸ್ತು, ಬೇಕಾಗುವುದು ಇಲ್ಲೇ. ತುಂಡಾದ ನರದ ಎರಡು ತುದಿ ಹತ್ತಿರ ಬಂದರೆ ನೇರ ಹೊಲಿಯುತ್ತೇವೆ. ನಡುವೆ ಅಂತರ ಇದ್ದರೆ ಮೀನಖಂಡದ ಹಿಂದಿನ ಒಂದು ನರ ತೆಗೆದು ಜೋಡಿಸುತ್ತೇವೆ, ಅದಕ್ಕೆ ಪಾದದ ಹೊರಬದಿ ಮರಗಟ್ಟುತ್ತದೆ. ಅಂತರ ಸಣ್ಣದಾದರೆ ಕೊಲಾಜನ್ ಅನ್ನುವ ಪ್ರೋಟೀನಿನ ಕೊಳವೆಯೂ ಸಾಕು. ತೋಟಕ್ಕೆ ನೀರು ಹಾಯಿಸುವ ಅಡಿಕೆ ದಬ್ಬೆಯ ಹಾಗೆ ಅದು ದಾರಿ ಕೊಡುತ್ತದೆ, ತಳ್ಳುವುದಿಲ್ಲ. 3 ಸೆಂಟಿಮೀಟರ್ ದಾಟಿದರೆ ಖಾಲಿ ಕೊಳವೆಯನ್ನು ನಾನಂತೂ ನಂಬುವುದಿಲ್ಲ.

ಹಾಗಾಗಿ ಕೊಳವೆಯ ಗೋಡೆಯಲ್ಲೇ ಗ್ರೋತ್ ಫ್ಯಾಕ್ಟರ್ ತುಂಬಿಡುವ ಪ್ರಯತ್ನ. ಕರಗುವ ಹೊಲಿಗೆ ದಾರದ ಜಾತಿಯದೇ ಪ್ಲಾಸ್ಟಿಕ್ಕಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡು ಮಾಡಿ ಅದರೊಳಗೆ ಪ್ರೋಟೀನು ಇಡುತ್ತಾರೆ. ಮೈಯ ನೀರಿಗೆ ಗುಂಡು ಮೆಲ್ಲಗೆ ಕರಗಿದಂತೆ ಪ್ರೋಟೀನು ಹೊರಬರಬೇಕು. ಆದರೆ ಮೊದಲ ಒಂದೆರಡು ದಿನದಲ್ಲೇ ದೊಡ್ಡ ಪಾಲು ಸುರಿದುಹೋಗುವುದು ಇದರ ಹಳೇ ತಲೆನೋವು, ಅದಕ್ಕೇ ಎರಡು ಪದರದ ಗುಂಡು ಬಂತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ಹೀಗೆ ಜಿಡಿಎನ್‌ಎಫ್ ಅನ್ನುವ ಇನ್ನೊಂದು ಗ್ರೋತ್ ಫ್ಯಾಕ್ಟರ್ ತುಂಬಿದ ಕೊಳವೆಯನ್ನು ಕೋತಿಗಳ ಕೈ ನರದ 5 ಸೆಂಟಿಮೀಟರ್ ಅಂತರಕ್ಕೆ ಹಾಕಿ, ಒಂದು ವರ್ಷದ ನಂತರ ಕೈಯ ಕೆಲಸ ಸ್ವಂತ ನರ ಜೋಡಿಸಿದಷ್ಟೇ ಮರಳಿದೆ ಅಂತ 2020ರಲ್ಲಿ ತೋರಿಸಿದರು. ನನಗೆ ಇದು ದೊಡ್ಡ ಸುದ್ದಿ. ರೇಷ್ಮೆ ಗೂಡಿನ ಫೈಬ್ರೋಯಿನ್ ಅನ್ನುವ ಪ್ರೋಟೀನಿನಲ್ಲೂ ಕೊಳವೆ ಮಾಡಿ ನೋಡಿದ್ದಾರೆ. ರೇಷ್ಮೆ ನಾಡಿನವನಾದ್ದರಿಂದ ನನಗೆ ಅದರ ಕಡೆ ಸ್ವಲ್ಪ ಪಕ್ಷಪಾತ ಇದೆ ಬಿಡಿ.

ಜಾಸ್ತಿ ಆದರೂ ಕಷ್ಟವೇ. ಒಂದೇ ಜಾಗದಲ್ಲಿ ಜಿಡಿಎನ್‌ಎಫ್ ವಿಪರೀತ ಇದ್ದರೆ ನರದ ಎಳೆಗಳು ಮುಂದೆ ಹೋಗದೆ ಅಲ್ಲೇ ಸುತ್ತಿಕೊಳ್ಳುತ್ತವೆ, ಇಲಿಗಳಲ್ಲಿ ಇದು ಕಂಡಿದೆ. ಎಲ್ಲಿ, ಎಷ್ಟು, ಎಷ್ಟು ದಿನ ಅನ್ನುವ ಮೂರೂ ಕೂಡಿಬರಬೇಕು.

ಇಷ್ಟೆಲ್ಲ ಒದ್ದಾಟ ಸಮಯಕ್ಕಾಗಿ. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಮಣಿಕಟ್ಟಿನಿಂದ ಬೆರಳ ತುದಿಗೆ ಆರು ತಿಂಗಳು ಬೇಕು. ಪ್ರತಿ ಸಲ ಬಂದಾಗ ನರದ ದಾರಿಯುದ್ದಕ್ಕೂ ಬೆರಳಿನಿಂದ ತಟ್ಟುತ್ತಾ ಹೋಗಿ, ಜುಂ ಅನ್ನುವ ಜಾಗಕ್ಕೆ, ಅಂದರೆ ನರ ಬೆಳೆದು ಬಂದಿರುವಲ್ಲಿಗೆ, ಪೆನ್ನಿನಲ್ಲಿ ಗುರುತು ಹಾಕಿ ಅಳೆಯುತ್ತೇನೆ. ತೋಳಿನಲ್ಲೇ ತುಂಡಾಗಿದ್ದರೆ ಅಂಗೈ ಮುಟ್ಟಲು ವರ್ಷ ದಾಟುತ್ತದೆ, ಅಷ್ಟರಲ್ಲಿ ಸ್ನಾಯು ಸೊರಗುತ್ತದೆ, ಒಂದೂವರೆ ವರ್ಷ ಕಳೆದರೆ ನರ ಬಂದು ಮುಟ್ಟಿದರೂ ಅದು ಏಳುವುದು ಕಷ್ಟ.

ಸದ್ಯಕ್ಕೆ ಇಂಥ ಕೊಳವೆ ನಮ್ಮ ಶಿವಮೊಗ್ಗದ ಆಪರೇಷನ್ ಥಿಯೇಟರಿಗೆ ಬಂದಿಲ್ಲ. ಮೆಡಿಕಲ್ ಶಾಪಿನಲ್ಲಿ ನರದ ಮಾತ್ರೆ ಅಂತ ಕೊಡುವ ಬಿ12 ಕೊರತೆ ಇದ್ದವರಿಗೆ ಬೇಕು, ತುಂಡಾದ ನರವನ್ನು ಅದು ಕೂಡಿಸುವುದಿಲ್ಲ. ಕತ್ತಿ ತಾಗಿದ ದಿನ, ಹೊಲಿಗೆಗೆ ಮುಂಚೆ ಮರಗಟ್ಟುವ ಇಂಜೆಕ್ಷನ್ ಕೊಡುವ ಮೊದಲೇ, ಬೆರಳಿನ ಎರಡೂ ಪಕ್ಕ ಮುಟ್ಟಿ ನೋಡಲು ಡಾಕ್ಟರಿಗೆ ಹೇಳಿ. ಒಂದು ಪಕ್ಕ ಗೊತ್ತಾಗದಿದ್ದರೆ ಸುಮ್ನೆ ಕಾಯಬೇಡಿ. ಕೆಲವು ದಿನದೊಳಗೆ ಬಂದರೆ ಸಾಮಾನ್ಯವಾಗಿ ತುದಿಗೆ ತುದಿ ಹೊಲಿಯಬಹುದು. ತಿಂಗಳುಗಟ್ಟಲೆ ಬಿಟ್ಟರೆ ತುದಿಗಳು ಹಿಂದೆ ಸರಿದು ಗಂಟುಕಟ್ಟಿರುತ್ತವೆ, ಆಗ ಕಾಲಿನ ನರಕ್ಕೆ ಕೈ ಹಾಕಬೇಕಾಗುತ್ತದೆ.